ಅದೇ ಅರಸರು, ಅದೇ ಅರಮನೆ: ಬದಲಾದದ್ದೇನು?

ಪತ್ರ: ಎಂಟನೇ ತರಗತಿಯ ನನ್ನ ಮಗಳು ಗಣರಾಜ್ಯೋತ್ಸವದ ಭಾಷಣ ಬರೆದುಕೊಳ್ಳುತ್ತಾ ಕೇಳಿದಳು: "ಆಗಸ್ಟ್ 15ಕ್ಕೇ ಸ್ವಾತಂತ್ರ್ಯ ಬಂತಲ್ಲ, ಜನವರಿ 26ಕ್ಕೆ ಜಾಸ್ತಿ ಏನು ಸಿಕ್ಕಿತು? ಇಂಗ್ಲೆಂಡಿನಲ್ಲೂ ಜನ ಮತ ಹಾಕುತ್ತಾರೆ, ಅದು ಯಾಕೆ ಗಣರಾಜ್ಯ ಅಲ್ಲ?" ನನಗೆ ಉತ್ತರ ಹೊಳೆಯಲಿಲ್ಲ.
– ಓದುಗರೊಬ್ಬರು, ಮೈಸೂರು

ಸಂಪಾದಕರ ಉತ್ತರ: ಹೊಳೆಯಲಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡಿ. ಪ್ರಜಾಪ್ರಭುತ್ವ, ಗಣರಾಜ್ಯ ಎಂದು ಜೊತೆಜೊತೆಗೇ ಹೇಳಿ ಹೇಳಿ ಎರಡೂ ಒಂದೇ ಅಂದುಕೊಂಡುಬಿಟ್ಟಿದ್ದೇವೆ. ನೀವು ಮೈಸೂರಿನವರು. ಹಾಗಾಗಿ ಉತ್ತರಕ್ಕೆ ಇಂಗ್ಲೆಂಡಿನವರೆಗೆ ಹೋಗಬೇಕಿಲ್ಲ, ನಿಮ್ಮೂರಿನ ಅರಮನೆಯೇ ಸಾಕು.

1947ರ ಆಗಸ್ಟ್‌ನಲ್ಲಿ ಮೈಸೂರು ಸಂಸ್ಥಾನ ಭಾರತಕ್ಕೆ ಸೇರಿತು. ಆಡಳಿತ ಮಾತ್ರ ಜನರ ಕೈಗೆ ಬರಲಿಲ್ಲ. ಜನ 'ಮೈಸೂರು ಚಲೋ' ಎಂದು ಬೀದಿಗಿಳಿದರು, ಜೈಲಿಗೆ ಹೋದರು. ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾದರು. ಸರ್ಕಾರ ಜನರದ್ದಾಯಿತು ಅಲ್ವಾ? ಆದರೂ ಎಲ್ಲರಿಗಿಂತ ಮೇಲೆ ಕೂತಿದ್ದವರು ಮಹಾರಾಜ ಜಯಚಾಮರಾಜ ಒಡೆಯರ್. ಅವರನ್ನು ಯಾರೂ ಆರಿಸಿರಲಿಲ್ಲ. 1940ರಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡಾಗ ಗಾದಿ ಮನೆತನದೊಳಗೇ ಇವರಿಗೆ ಬಂದಿತ್ತು.

ಇಂಗ್ಲೆಂಡ್ ಇವತ್ತಿಗೂ ಹೀಗೇ ಇದೆ. 2022ರಲ್ಲಿ ರಾಣಿ ಎಲಿಜಬೆತ್ ತೀರಿಕೊಂಡ ಕೂಡಲೇ ಮಗ ಚಾರ್ಲ್ಸ್ ದೊರೆಯಾದರು. ಅದಕ್ಕೆ ಒಂದು ಮತವೂ ಬೀಳಲಿಲ್ಲ. ಜಪಾನ್, ನಾರ್ವೆಯೂ ಹಾಗೇ. ಅಲ್ಲೆಲ್ಲ ಪ್ರಜಾಪ್ರಭುತ್ವ ಗಟ್ಟಿಯಾಗಿದೆ, ಆದರೆ ಅವು ಗಣರಾಜ್ಯಗಳಲ್ಲ. ಗಣರಾಜ್ಯದಲ್ಲಿ ಎಲ್ಲಕ್ಕಿಂತ ಮೇಲಿನ ಕುರ್ಚಿಯೂ ಯಾರ ಮನೆತನದ ಆಸ್ತಿಯಾಗಿರಬಾರದು.

ಸ್ವಾತಂತ್ರ್ಯ ಬಂದ ಮೇಲೂ ಕಾನೂನಿನ ಲೆಕ್ಕದಲ್ಲಿ ನಮ್ಮ ದೊರೆ ಆರನೇ ಜಾರ್ಜ್. ಮೌಂಟ್‌ಬ್ಯಾಟನ್, ಆಮೇಲೆ ನಮ್ಮವರೇ ಆದ ರಾಜಾಜಿ, ಇಬ್ಬರೂ ಆ ದೊರೆಯ ಪರವಾಗಿಯೇ ಗವರ್ನರ್ ಜನರಲ್ ಆಗಿದ್ದರು. 1950ರ ಜನವರಿ 26ರಂದು ಅದು ಮುಗಿಯಿತು. ಸಂವಿಧಾನ ಸಭೆ ಆರಿಸಿದ ಬಾಬು ರಾಜೇಂದ್ರ ಪ್ರಸಾದ್ ರಾಷ್ಟ್ರಪತಿಯಾದರು. ಆ ಹುದ್ದೆಗೆ ಐದು ವರ್ಷದ ಅವಧಿ ಇದೆ. ಸಂವಿಧಾನ ಮೀರಿದರೆ ಸಂಸತ್ತು ಇಳಿಸಲೂಬಹುದು.

ಮತ್ತೆ ಮೈಸೂರಿಗೆ ಬರೋಣ, ನನಗೆ ತುಂಬ ಇಷ್ಟದ ಭಾಗ ಇದು. ಅದೇ ಜನವರಿ 26ರಿಂದ ಒಡೆಯರ್ 'ರಾಜಪ್ರಮುಖ'ರಾದರು, ಅಂದರೆ ಸಂವಿಧಾನದ ಪ್ರಕಾರ ರಾಜ್ಯದ ಮುಖ್ಯಸ್ಥರು. ಆದರೆ ರಾಷ್ಟ್ರಪತಿ ಯಾರನ್ನು ಮಹಾರಾಜರೆಂದು ಒಪ್ಪುತ್ತಾರೋ ಅವರೇ ಮೈಸೂರಿಗೆ ರಾಜಪ್ರಮುಖ ಎಂದು ಸಂವಿಧಾನದಲ್ಲೇ ಬರೆದಿತ್ತು. ಹುಟ್ಟಿನ ಲೆಕ್ಕ ಒಂದು ಮೂಲೆಯಲ್ಲಿ ಉಳಿದುಕೊಂಡೇ ಇತ್ತು. 1956ರ ನವೆಂಬರ್ 1ರಂದು ಆ ಹುದ್ದೆಯೇ ರದ್ದಾಯಿತು. ಒಡೆಯರ್ ರಾಜ್ಯಪಾಲರಾದರು. ಅರಮನೆ ಅದೇ, ವ್ಯಕ್ತಿಯೂ ಅವರೇ. ಆದರೆ ಈಗ ಅಧಿಕಾರ ಬಂದದ್ದು ರಾಷ್ಟ್ರಪತಿ ಸಹಿ ಹಾಕಿದ ನೇಮಕದಿಂದ. 1963ರಲ್ಲಿ ಅವರು ಇಳಿದಾಗ ಆ ಕುರ್ಚಿಗೆ ಬಂದವರು ಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಶ್ರೀನಾಗೇಶ್. ಒಡೆಯರ್ ಮುಂದೆ ಮದ್ರಾಸಿಗೆ ರಾಜ್ಯಪಾಲರಾಗಿ ಹೋದರು. ಅಲ್ಲಿ ಅವರ ಮನೆತನಕ್ಕೆ ಯಾವ ಗಾದಿಯೂ ಇರಲಿಲ್ಲ. ಒಬ್ಬ ಅರಸರು ನಾಗರಿಕರಾಗಿ ಸರ್ಕಾರಿ ಹುದ್ದೆಗೆ ಹೋದ ಆ ಪಯಣದ ಬಗ್ಗೆ ನನಗೆ ನಿಜಕ್ಕೂ ಗೌರವವಿದೆ.

ಹೆಸರು ನೋಡಿ ಮಾತ್ರ ತೀರ್ಮಾನ ಮಾಡಬೇಡಿ. ಉತ್ತರ ಕೊರಿಯಾದ ಹೆಸರಿನಲ್ಲೇ ಗಣರಾಜ್ಯ ಇದೆ. ಅಲ್ಲಿ ತಾತ, ಅಪ್ಪ, ಮಗ ಮೂರು ತಲೆಮಾರು ಅಧಿಕಾರ ನಡೆಸಿಕೊಂಡು ಬಂದಿದ್ದಾರೆ.

ಮಗಳ ಭಾಷಣಕ್ಕೆ ಇನ್ನೊಂದು ವಿಷಯ ಕೊಡಿ. 1947ರಲ್ಲಿ ನಮಗೆ ಸ್ವಾತಂತ್ರ್ಯ ಕೊಟ್ಟ ಕಾಯ್ದೆ ಬ್ರಿಟಿಷ್ ಸಂಸತ್ತು ಮಾಡಿದ್ದು. ಸಂವಿಧಾನದ ಕೊನೆಯ ವಿಧಿ, 395ನೆಯದು, ಆ ಕಾಯ್ದೆಯನ್ನೇ ರದ್ದು ಮಾಡಿತು.