ಸಣ್ಣ ಸ್ವತಂತ್ರ ಸಭೆಯೊಂದಕ್ಕೆ ವಿಶ್ವಾಸ ಪ್ರಮಾಣ ಮತ್ತು ಸದಸ್ಯತ್ವದ ನಿಯಮಗಳನ್ನು ಬರೆಯುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಯಾವ ದೊಡ್ಡ ಪಂಗಡಕ್ಕೂ ಸೇರದ, ಸುಮಾರು 40 ಮನೆಗಳ ಸ್ವತಂತ್ರ ಕ್ರೈಸ್ತ ಸಭೆ ನಿಮ್ಮದು. ಇಷ್ಟು ವರ್ಷ ಬಾಡಿಗೆ ಹಾಲಿನಲ್ಲಿ ಆರಾಧನೆ ನಡೆಯಿತು, ಈಗ ನಿವೇಶನ ಕೊಳ್ಳುವ ಮಾತು ಬಂದಿದೆ, ಹಾಗಾಗಿ ವಿಶ್ವಾಸ ಪ್ರಮಾಣವೂ (ಸಭೆ ಏನನ್ನು ನಂಬುತ್ತದೆ ಎಂಬ ಬರಹ) ಸದಸ್ಯತ್ವದ ನಿಯಮಗಳೂ ಬರವಣಿಗೆಯಲ್ಲಿ ಬೇಕಾಗಿವೆ. ಅಮೆರಿಕದ ಒಂದು ಸಭೆಯ ಪ್ರತಿ ಕೈಗೆ ಸಿಕ್ಕಿದೆ, ಅದನ್ನೇ ಕನ್ನಡಕ್ಕೆ ಇಳಿಸಿಕೊಂಡರೆ ಸಾಕೇ ಎಂದು ಕೇಳಿದ್ದೀರಿ.

ಸಾಲದು. ನಾವು ಅದನ್ನೇ ಮಾಡಿ ಕೆಟ್ಟವರು, ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ. ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಮೂವತ್ತು ವರ್ಷ ಪತ್ರ ಬರಹಗಾರನಾಗಿ ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳನ್ನು ಬರೆದು ಹೊಟ್ಟೆ ಹೊರೆದವನು ನಾನು. ಸಭೆಯ ಹಿರಿಯರಲ್ಲಿ ಒಬ್ಬನೂ ಹೌದು. ಆದ್ದರಿಂದ ಕರಡು ಸಮಿತಿಯ ಕೆಲಸ ನನ್ನ ಹೆಗಲಿಗೆ ಬಿತ್ತು. ಇಂಗ್ಲಿಷ್ ಬಲ್ಲ ತರುಣರು 31 ಪುಟಗಳ ಭಾಷಾಂತರವನ್ನು ತಂದು ಮುಂದಿಟ್ಟರು. ಮೂರನೆಯ ಸಲ ಓದುವಾಗ ಗೊತ್ತಾಯಿತು, ಅದರಲ್ಲಿ ಧರ್ಮಸಂಸ್ಥೆಗಳಿಗೆ ತೆರಿಗೆ ವಿನಾಯಿತಿ ಕೊಡುವ, ಅಮೆರಿಕದ ಆದಾಯ ತೆರಿಗೆ ಸಂಹಿತೆಯ 501(ಸಿ)(3) ಕಲಮಿಗೆ ನಮ್ಮ ಸಭೆ ಬದ್ಧವಾಗಿರುತ್ತದೆ ಎಂದು ಬರೆದಿತ್ತು. ‘ಗುಡ್ ಸ್ಟ್ಯಾಂಡಿಂಗ್’ (ಸಭೆಯಲ್ಲಿ ಯಾವ ತಕರಾರೂ ಇಲ್ಲದ ಸ್ಥಿತಿ) ಇರುವ ಸದಸ್ಯರಿಗೆ ಮಾತ್ರ ಮತದ ಹಕ್ಕು ಎಂಬುದು ‘ಒಳ್ಳೆಯ ನಿಲುವುಳ್ಳ ಸದಸ್ಯರಿಗೆ’ ಎಂದಾಗಿತ್ತು. ನಮ್ಮ ಸಭೆಯ ಒಬ್ಬ ತಾಯಿ, “ನಾನು ಕುಳ್ಳಿ, ನನಗೆ ಮತವಿಲ್ಲವೇನು?” ಎಂದು ನಕ್ಕರು. ಆ ದಿನವೇ ಭಾಷಾಂತರವನ್ನು ಬದಿಗಿಟ್ಟೆವು.

ಮೊದಲು ವಿಶ್ವಾಸದ ಭಾಗ. ಇದನ್ನು ಚಿಕ್ಕದಾಗಿ ಬರೆಯಿರಿ. ನಮ್ಮದು ಒಂದೂವರೆ ಪುಟ, ಅದೂ ಹೆಚ್ಚಾಯಿತೇನೋ ಎಂದು ಈಗಲೂ ಅನಿಸುತ್ತದೆ. ನನ್ನ ಕಸುಬಿನ ಮಾತಿನಲ್ಲಿ ಹೇಳಬೇಕಾದರೆ ಇದು ಚಕ್ಕುಬಂದಿ. ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು ಎಂದು ಬರೆಯುತ್ತೇವೆಯೇ ಹೊರತು ಒಳಗೆ ಅಡಿಗೆಮನೆ ಎಲ್ಲಿ ಬರಬೇಕೆಂದು ಕ್ರಯಪತ್ರದಲ್ಲಿ ಬರೆಯುವುದಿಲ್ಲ. ಆ ಗಡಿಯನ್ನು ಹಿಂದಿನವರು ಆಗಲೇ ಅಳೆದು ಕಲ್ಲು ನೆಟ್ಟಿದ್ದಾರೆ: ಅಪೊಸ್ತಲರ ವಿಶ್ವಾಸ ಪ್ರಮಾಣ, ಮತ್ತು 325ರಲ್ಲಿ ನಿಕೇಯದಲ್ಲಿ ಆರಂಭವಾಗಿ 381ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಈಗಿನ ರೂಪಕ್ಕೆ ಬಂದ ನಿಕೇಯ ಪ್ರಮಾಣ. ದಕ್ಷಿಣ ಭಾರತ ಸಭೆಯನ್ನೇ ನೋಡಿ. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಹಿನ್ನೆಲೆಯವರು 1919ರಲ್ಲಿ ತರಂಗಂಬಾಡಿಯಲ್ಲಿ ಮಾತುಕತೆ ಶುರು ಮಾಡಿ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಒಂದಾದರು. ಇಪ್ಪತ್ತೆಂಟು ವರ್ಷ! ಅವರನ್ನು ಅಷ್ಟು ಕಾಲ ಕಾಡಿದ್ದು ಮುಖ್ಯವಾಗಿ ಬಿಷಪ್ ಪದವಿ ಮತ್ತು ಸೇವೆಯ ದೀಕ್ಷೆಯ ಪ್ರಶ್ನೆ. ಸತ್ಯವೇದ ಮತ್ತು ಈ ಎರಡು ಪ್ರಮಾಣಗಳ ಮೇಲೆ ನಿಲ್ಲುವುದು ಎಲ್ಲರಿಗೂ ಒಪ್ಪಿಗೆಯಾಗಿತ್ತು. ಅಷ್ಟು ದೊಡ್ಡ ಸಭೆಗೆ ಸಾಕಾದದ್ದು 40 ಮನೆಗಳಿಗೆ ಸಾಲುವುದಿಲ್ಲವೇ?

ನಿಮ್ಮ ಕೈಗೆ ಸಿಕ್ಕಿರುವ ಪ್ರತಿಯಲ್ಲಿ ಬಹುಶಃ ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆಯ ಬಗ್ಗೆ, ಆತನು ಬರುವುದು ಕಡೇ ಕಾಲದ ಮಹಾಸಂಕಟಕ್ಕೆ ಮೊದಲೋ ನಂತರವೋ ಎಂಬ ಬಗ್ಗೆ ಉದ್ದನೆಯ ಕಲಮು ಇರುತ್ತದೆ. ನಮ್ಮಲ್ಲಿಯೂ ಇತ್ತು. ನಾವು “ಯೇಸು ಕ್ರಿಸ್ತನು ಮಹಿಮೆಯೊಡನೆ ತಿರುಗಿ ಬಂದು ಜೀವಿಸುವವರಿಗೂ ಸತ್ತವರಿಗೂ ನ್ಯಾಯತೀರಿಸುವನು” ಎಂದು ಬರೆದು ಚುಕ್ಕೆ ಇಟ್ಟೆವು. ಅನ್ಯಭಾಷೆಯ ವರದ (ಪ್ರಾರ್ಥನೆಯಲ್ಲಿ ಕಲಿಯದ ಭಾಷೆಯಲ್ಲಿ ಮಾತಾಡುವುದು) ವಿಷಯದಲ್ಲೂ ಹಾಗೆಯೇ. ಬೋಧಿಸುವವರು ಏನನ್ನು ವಿರೋಧಿಸಿ ಬೋಧಿಸಕೂಡದು ಎಂಬುದನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟೆವು. ಹೊಸದಾಗಿ ಸೇರುವ ಕೂಲಿ ಹೆಂಗಸೊಬ್ಬರು ಅದಕ್ಕೆಲ್ಲ ಸಹಿ ಹಾಕಬೇಕೆಂದು ಕೇಳುವುದು ನ್ಯಾಯವಲ್ಲ.

ಆದರೆ ಹಳೆಯ ಪ್ರಮಾಣದಲ್ಲಿ ಇಲ್ಲದ ಒಂದು ಸಾಲನ್ನು ನಾವು ಸೇರಿಸಿದೆವು. ಊರೂರಿನ ಪ್ರಾರ್ಥನಾ ಕೂಟಗಳಿಗೆ ಬರುವ ಕೆಲವರು ಮಾತ್ರೆ ನುಂಗುವುದು ಅವಿಶ್ವಾಸ ಎಂದು ಹೇಳಿಕೊಡುತ್ತಾರೆ. ನಮ್ಮವರೊಬ್ಬರು ಸಕ್ಕರೆ ಕಾಯಿಲೆಯ ಔಷಧ ನಿಲ್ಲಿಸಿ ಕಾಲು ಕಳೆದುಕೊಂಡರು. 1934ರಲ್ಲಿ ಜರ್ಮನಿಯ ಬಾರ್ಮೆನ್‌ನಲ್ಲಿ, ನಾಜಿ ಆಡಳಿತ ಸಭೆಯನ್ನು ತನ್ನ ಹಿಡಿತಕ್ಕೆ ಎಳೆದುಕೊಳ್ಳುತ್ತಿದ್ದಾಗ ಹೊರಬಂದ ಘೋಷಣೆಯಲ್ಲಿ ಆರು ಅಂಶಗಳಿವೆ. ಪ್ರತಿಯೊಂದರಲ್ಲೂ ಮೊದಲು ಏನನ್ನು ನಂಬುತ್ತೇವೆ ಎಂದಿದೆ, ಆಮೇಲೆ ಯಾವ ಬೋಧನೆಯನ್ನು ತಳ್ಳಿಹಾಕುತ್ತೇವೆ ಎಂದಿದೆ. ಆ ಕ್ರಮ ನನಗೆ ಬಹಳ ಹಿಡಿಸಿತು. ನಮ್ಮ ಸಾಲು ಹೀಗಿದೆ: “ದೇವರು ಪ್ರಾರ್ಥನೆಯನ್ನು ಕೇಳಿ ಗುಣಪಡಿಸುತ್ತಾನೆಂದು ನಂಬುತ್ತೇವೆ, ವೈದ್ಯರೂ ಔಷಧವೂ ಆತನ ಉಪಕಾರವೇ. ಔಷಧ ಬಿಡುವುದೇ ವಿಶ್ವಾಸದ ಗುರುತು ಎಂಬ ಬೋಧನೆಯನ್ನು ತಳ್ಳಿಹಾಕುತ್ತೇವೆ.” ನಿಮ್ಮ ಊರಿನಲ್ಲಿ ಜನರನ್ನು ಕೆಡಿಸುತ್ತಿರುವುದು ಬೇರೇನೋ ಇರಬಹುದು. ಅದನ್ನು ನೀವೇ ಕಂಡುಕೊಳ್ಳಬೇಕು, ಯಾವ ಪರದೇಶದ ಪ್ರತಿಯಲ್ಲೂ ಅದು ಸಿಗುವುದಿಲ್ಲ.

ಪದಗಳ ಬಗ್ಗೆ ಒಂದು ಮಾತು. ಬ್ಯಾಪ್ಟಿಸಮನ್ನು ‘ದೀಕ್ಷಾಸ್ನಾನ’ ಎಂದರೆ ಪ್ರೊಟೆಸ್ಟೆಂಟರು, ‘ಜ್ಞಾನಸ್ನಾನ’ ಎಂದರೆ ಕ್ಯಾಥೊಲಿಕರು ಎಂದು ಓದುಗರು ಪದದಿಂದಲೇ ಊಹಿಸುತ್ತಾರೆ. ನಿಮ್ಮ ಜನ ಬಾಯಿತುಂಬ ಹೇಳುವ ಪದವನ್ನೇ ಇಡಿ. ‘ಅವತಾರ’ದ ಬಗ್ಗೆ ನಮ್ಮಲ್ಲಿ ಎರಡು ವಾರ ಚರ್ಚೆಯಾಯಿತು. ಹಳೆಯ ಕನ್ನಡ ಸತ್ಯವೇದದಲ್ಲೇ ಯೋಹಾನ 1:14ರಲ್ಲಿ ‘ನರಾವತಾರ’ ಎಂದಿದೆ, ಆದ್ದರಿಂದ ಪದವನ್ನು ಬಿಡಲು ಹಿರಿಯರಿಗೆ ಮನಸ್ಸಿಲ್ಲ. ಬಿಡದಿದ್ದರೆ, ಹತ್ತರ ಜೊತೆ ಹನ್ನೊಂದನೆಯದು ಎಂದು ನೆರೆಹೊರೆಯವರು ತಿಳಿದಾರು ಎಂಬ ಅಳುಕು ತರುಣರಿಗೆ. ಕೊನೆಗೆ “ಒಂದೇ ಸಾರಿ, ಎಂದೆಂದಿಗೂ ಮನುಷ್ಯನಾದನು” ಎಂದು ಬರೆದೆವು. ಎಲ್ಲರಿಗೂ ಅರ್ಥವಾಯಿತು.

ಈಗ ಸದಸ್ಯತ್ವ. ನಿಜವಾದ ಬೆವರು ಸುರಿಯುವುದು ಇಲ್ಲಿ.

ಮೊದಲ ತೊಡಕು ಶಿಶು ದೀಕ್ಷಾಸ್ನಾನ. ನಿಮ್ಮದು ವಯಸ್ಕರಿಗೆ ಮುಳುಗಿಸಿ ದೀಕ್ಷಾಸ್ನಾನ ಕೊಡುವ ಸಭೆ ಎಂದುಕೊಳ್ಳುತ್ತೇನೆ. ಹಳೆಯ ಸಭೆಗಳಿಂದ ಬಂದವರಿಗೆ ಮತ್ತೆ ಕೊಡಬೇಕೇ? ನಮ್ಮಲ್ಲಿ ಬೆಟಗೇರಿ ಕಡೆಯ ಬಾಸೆಲ್ ಮಿಷನ್ ಮನೆತನದ ಅಜ್ಜಿಯೊಬ್ಬರಿದ್ದರು. “ನಮ್ಮ ಅಪ್ಪ ಅವ್ವ ನನ್ನನ್ನು ಎತ್ತಿಕೊಂಡು ನಿಂತು ಮಾಡಿದ ಪ್ರಮಾಣವನ್ನು ಸುಳ್ಳು ಎನ್ನಲಾರೆ” ಎಂದರು. ಐದು ತಿಂಗಳು ಎಳೆದಾಡಿದೆವು. ಬಾಲ್ಯದಲ್ಲಿ ದೀಕ್ಷಾಸ್ನಾನವಾಗಿ, ತಿಳಿವು ಬಂದ ಮೇಲೆ ದೃಢೀಕರಣ (ಆ ವಿಶ್ವಾಸವನ್ನು ತಾವೇ ಒಪ್ಪಿಕೊಳ್ಳುವ ವಿಧಿ) ಪಡೆದು, ಸಭೆಯ ಮುಂದೆ ಸ್ವಂತ ಬಾಯಿಂದ ಸಾಕ್ಷಿ ಹೇಳುವವರನ್ನು ಸೇರಿಸಿಕೊಳ್ಳುತ್ತೇವೆ ಎಂದು ತೀರ್ಮಾನವಾಯಿತು. ಇಬ್ಬರು ಒಪ್ಪದೆ ಹೊರಟುಹೋದರು. ನೀವು ಬೇರೆ ತೀರ್ಮಾನಕ್ಕೆ ಬರಬಹುದು, ಬಂದರೆ ತಪ್ಪೇನಿಲ್ಲ. ಆದರೆ “ಸಭಾಪಾಲಕರ ವಿವೇಚನೆಗೆ ಬಿಟ್ಟಿದ್ದು” ಎಂದು ಮಾತ್ರ ಬರೆಯಬೇಡಿ. ಆ ಸಾಲು ಬರೆದ ಕಡೆಯೆಲ್ಲ ಒಬ್ಬೊಬ್ಬರಿಗೆ ಒಂದೊಂದು ನ್ಯಾಯ ಆಗುವುದನ್ನು ಕಂಡಿದ್ದೇನೆ.

ಎರಡನೆಯದು ಜಾತಿ. ಅಮೆರಿಕದ ಪ್ರತಿಯಲ್ಲಿ ಇದರ ಸುಳಿವೂ ಇರುವುದಿಲ್ಲ, ನಮಗೆ ಇದಿಲ್ಲದೆ ಆಗುವುದಿಲ್ಲ. ತಂಜಾವೂರು ಕಡೆಯ ಸಭೆಗಳಲ್ಲಿ ಜಾತಿಗೊಂದು ಕೂರುವ ಜಾಗ, ಕರ್ತನ ಭೋಜನಕ್ಕೆ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರ) ಬರುವುದರಲ್ಲೂ ಹಿಂದುಮುಂದು ನಡೆದೇ ಇತ್ತು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಇದೆಲ್ಲ ಕೂಡಲೇ ನಿಲ್ಲಬೇಕೆಂದು ಆಜ್ಞೆ ಹೊರಡಿಸಿದಾಗ ಅನೇಕರು ಸಭೆಯನ್ನೇ ಬಿಟ್ಟರು. ನೂರಕ್ಕೂ ಹೆಚ್ಚು ವರ್ಷ ‘ನಾವೆಲ್ಲ ಒಂದೇ’ ಎಂದು ಹಾಡಿದ್ದವರು ಅವರು. ಅದಕ್ಕೆ ನಮ್ಮ ನಿಯಮದಲ್ಲಿ ಹಾಡಿನ ಮಾತಿಲ್ಲ, ಕೆಲಸದ ಮಾತಿದೆ: ಅರ್ಜಿಯಲ್ಲಿ ಜಾತಿಯ ಕಾಲಂ ಇರುವುದಿಲ್ಲ, ಕರ್ತನ ಭೋಜನಕ್ಕೆ ಒಂದೇ ಪಾತ್ರೆ, ಒಂದೇ ಸಾಲು, ಪ್ರೀತಿಭೋಜನದ ಅಡಿಗೆಯ ಸರದಿ ಎಲ್ಲ ಮನೆಗಳಿಗೂ ಬರುತ್ತದೆ. ಕೊನೆಯದನ್ನು ಸೇರಿಸಿದಾಗ ಸಭೆಯಲ್ಲಿ ಮೌನ ಕವಿಯಿತು. ಆ ಮೌನ ನೋಡಿಯೇ ಅದು ಬೇಕೆಂದು ನನಗೆ ಖಾತ್ರಿಯಾದದ್ದು.

ಇದರ ಜೊತೆಗೇ ಇನ್ನೊಂದು ಸೂಕ್ಷ್ಮವಿದೆ. 1950ರ ಪರಿಶಿಷ್ಟ ಜಾತಿಗಳ ಆದೇಶದಲ್ಲಿ ಮೊದಲು ಬಹುಮಟ್ಟಿಗೆ ಹಿಂದೂಗಳು ಮಾತ್ರ ಇದ್ದರು, 1956ರಲ್ಲಿ ಸಿಖ್ಖರೂ 1990ರಲ್ಲಿ ಬೌದ್ಧರೂ ಸೇರಿದರು, ಕ್ರೈಸ್ತರು ಸೇರಿಲ್ಲ. ದೀಕ್ಷಾಸ್ನಾನ ಪಡೆದರೆ ಪರಿಶಿಷ್ಟ ಜಾತಿಯ ಸವಲತ್ತಿನ ಹಕ್ಕಿಗೆ ಏನಾಗುತ್ತದೆ ಎಂಬುದನ್ನು ಆ ವ್ಯಕ್ತಿಗೆ ಮೊದಲೇ ಮುಚ್ಚುಮರೆಯಿಲ್ಲದೆ ಹೇಳಬೇಕು. ಇದನ್ನು ಹೇಳಿದರೆ ಜನ ಹಿಂಜರಿಯುತ್ತಾರೆ ಎಂದು ಬಾಯಿ ಮುಚ್ಚಿಕೊಳ್ಳುವ ಸಭಾಸೇವಕರಿದ್ದಾರೆ. ಅದು ಮೋಸ. ಹಾಗೆಯೇ ಆರಾಧನೆಗೆ ಬರುತ್ತಿದ್ದರೂ ದೀಕ್ಷಾಸ್ನಾನ ಬೇಡವೆನ್ನುವವರ, ಮನೆಯವರ ಭಯದಿಂದ ಹಿಂದಿನ ಸಾಲಿನಲ್ಲಿ ಕುಳಿತು ಹೋಗುವವರ ಹೆಸರುಗಳನ್ನು ಯಾವ ಪಟ್ಟಿಯಲ್ಲೂ ಬರೆಯಬೇಡಿ. 18 ತುಂಬಿದವರು, ಸ್ವಂತ ಇಚ್ಛೆಯಿಂದ, ಸ್ವಂತ ಕೈಬರಹದಲ್ಲಿ ಅರ್ಜಿ ಕೊಟ್ಟರೆ ಮಾತ್ರ ಹೆಸರು ಪುಸ್ತಕಕ್ಕೆ. ಓದು ಬರಹ ಬಾರದವರಾದರೆ ಇಬ್ಬರು ಸಾಕ್ಷಿಗಳ ಎದುರು ಓದಿ ಹೇಳಿ ಹೆಬ್ಬೆಟ್ಟು. ಕರ್ನಾಟಕದಲ್ಲಿ 2022ರಲ್ಲಿ ಮತಾಂತರದ ಕಾಯಿದೆ ಬಂತು, 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ರದ್ದುಪಡಿಸಲು ತೀರ್ಮಾನಿಸಿತು. ನೀವು ನಿಯಮ ಬರೆಯುವ ದಿನ ಕಾನೂನು ಏನು ಹೇಳುತ್ತದೆ ಎಂದು ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಶಿಸ್ತಿನ ಕಲಮಿಗೆ ಎಲ್ಲರೂ ಮತ್ತಾಯ 18ನ್ನು ಹಿಡಿಯುತ್ತಾರೆ: ಮೊದಲು ಒಬ್ಬನೇ ಹೋಗಿ ಮಾತಾಡು, ಆಮೇಲೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಮೇಲೆ ಸಭೆಗೆ ಹೇಳು. ಒಳ್ಳೆಯದೇ. ಆದರೆ ಎಷ್ಟು ದಿನದೊಳಗೆ, ಯಾರ ಮುಂದೆ, ಆರೋಪ ಸಭಾಪಾಲಕರ ಮೇಲೆಯೇ ಬಂದರೆ ಯಾರು ಕೇಳುವವರು ಎಂದು ಬರೆಯದಿದ್ದರೆ ಅದು ದೊಡ್ಡವರ ಕೈಯಲ್ಲಿನ ಬೆತ್ತವಾಗುತ್ತದೆ. ಮತ್ತೊಂದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ: ಮಕ್ಕಳ ಮೇಲಿನ ಲೈಂಗಿಕ ಅಪರಾಧ ಮತ್ತಾಯ 18ರ ವಿಷಯವಲ್ಲ. 2012ರ ಪೋಕ್ಸೊ ಕಾಯಿದೆಯಂತೆ ಅದನ್ನು ಪೊಲೀಸರಿಗೆ ತಿಳಿಸುವುದು ಗೊತ್ತಿದ್ದವರೆಲ್ಲರ ಕರ್ತವ್ಯ, ತಿಳಿಸದಿರುವುದೂ ಅಪರಾಧ. ‘ಸಭೆಯ ಮಾನ’ ಎಂಬ ಮಾತು ಅಲ್ಲಿ ಬರಲೇಕೂಡದು.

ಸೇರುವುದಕ್ಕೆ ನಾಲ್ಕು ಪುಟ ಬರೆಯುವವರು ಬಿಡುವುದಕ್ಕೆ ಒಂದು ಸಾಲನ್ನೂ ಬರೆಯುವುದಿಲ್ಲ. ನನಗೆ ಗೊತ್ತಿರುವ ಒಂದು ಸಭೆಯ ಪುಸ್ತಕದಲ್ಲಿ 112 ಹೆಸರುಗಳಿದ್ದವು, ಭಾನುವಾರ ಬರುತ್ತಿದ್ದವರು ಐವತ್ತಕ್ಕೂ ಕಡಿಮೆ. ಉಳಿದವರು ಬೆಂಗಳೂರು, ಗೋವಾ ಎಂದು ಕೆಲಸ ಹುಡುಕಿ ಹೋಗಿದ್ದರು. ಮೂರನೇ ಎರಡು ಪಾಲು ಸದಸ್ಯರು ಹಾಜರಿದ್ದರೆ ಮಾತ್ರ ಕೋರಂ ಎಂದು ಬರೆದುಕೊಂಡಿದ್ದರಿಂದ ಮೂರು ಸಲ ಕರೆದ ಮಹಾಸಭೆ ಮೂರು ಸಲವೂ ಮುರಿಯಿತು. ಹಳೆಯ ಸಮಿತಿಯೇ ಗಟ್ಟಿಯಾಗಿ ಕುಳಿತುಬಿಟ್ಟಿತು. ಒಂದು ವರ್ಷ ಬರದಿದ್ದರೆ ಪತ್ರ ಬರೆದು ಕೇಳುವುದು, ಉತ್ತರ ಬರದಿದ್ದರೆ ಮತವಿಲ್ಲದ ಪಟ್ಟಿಗೆ ಸೇರಿಸುವುದು, ತಿರುಗಿ ಬಂದ ದಿನ ತಕರಾರಿಲ್ಲದೆ ಮತ್ತೆ ಸೇರಿಸಿಕೊಳ್ಳುವುದು ಎಂದು ನಾವು ಬರೆದೆವು. ಬೇರೆ ಸಭೆಗೆ ಹೋಗುವವರು ಕೇಳಿದರೆ ಹದಿನೈದು ದಿನದಲ್ಲಿ ವರ್ಗಾವಣೆ ಪತ್ರ ಕೊಡಬೇಕು, ಕಾಣಿಕೆಯ ಬಾಕಿ ಎಂದು ತಡೆಯುವಂತಿಲ್ಲ.

ಆಸ್ತಿಯ ಬಗ್ಗೆ ನನ್ನ ಕಸುಬು ಕಲಿಸಿದ್ದನ್ನು ಚುಟುಕಾಗಿ ಹೇಳುತ್ತೇನೆ. ನಿವೇಶನವನ್ನು ಯಾವ ಕಾರಣಕ್ಕೂ ಸಭಾಪಾಲಕರ ಹೆಸರಿನಲ್ಲಿ ಕೊಳ್ಳಬೇಡಿ. ಅವರು ದೇವರಂಥ ಮನುಷ್ಯರೇ ಇರಬಹುದು, ವಾರಸುದಾರರು ಹಾಗಿರಬೇಕೆಂದಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಡಿ ಕನಿಷ್ಠ ಏಳು ಜನ ಸೇರಿ ಸಂಘ ಮಾಡಬಹುದು, ಇಲ್ಲವೇ ನ್ಯಾಸಪತ್ರ ಬರೆದು ಟ್ರಸ್ಟ್ ಮಾಡಬಹುದು. ಸಂಘದಲ್ಲಿ ಸದಸ್ಯರಿಗೆ ಮತವಿದೆ, ಟ್ರಸ್ಟಿನಲ್ಲಿ ಟ್ರಸ್ಟಿಗಳ ಕೈ ಮೇಲು. ನಾನು ಸಂಘದ ಕಡೆ. ವಿಶ್ವಾಸ ಪ್ರಮಾಣವನ್ನು ನೋಂದಣಿಯ ಕಾಗದದೊಳಗೆ ತುರುಕದೆ ಪ್ರತ್ಯೇಕವಾಗಿಡಿ. ಮದುವೆಯ ಬಗ್ಗೆ ಬರೆಯುವ ಮುಂಚೆ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯನ್ನು ತೆಗೆದು ನೋಡಿ. ಸ್ವತಂತ್ರ ಸಭೆಯ ಪಾಸ್ಟರಿಗೆ ಮದುವೆ ನಡೆಸಲು ಸರ್ಕಾರದ ಪರವಾನಗಿ ಬೇಕು. ಇದು ಗೊತ್ತಿಲ್ಲದೆ ಮದುವೆಯಾಗಿ ಪಾಸ್‌ಪೋರ್ಟಿಗೆ ಅಲೆದವರ ಕಾಗದಗಳನ್ನು ಸರಿಮಾಡಿಸಲು ನಾನೂ ಓಡಾಡಿದ್ದೇನೆ.

ಕರಡು ಮುಗಿದ ಮೇಲೆ ಹಂಚಿ ಸಹಿ ಹಾಕಿಸಬೇಡಿ. ಗಟ್ಟಿಯಾಗಿ ಓದಿಸಿ. ನಾವು ನಾಲ್ಕು ಭಾನುವಾರ ಆರಾಧನೆಯ ನಂತರ ಓದಿದೆವು. ಓದುವವನ ನಾಲಿಗೆ ತೊಡರಿದ ಕಡೆಯಲ್ಲೆಲ್ಲ ವಾಕ್ಯ ತಪ್ಪಾಗಿತ್ತು. ಒಟ್ಟು ಹದಿನಾಲ್ಕು ತಿಂಗಳು ಹಿಡಿಯಿತು. ನಿವೇಶನದ ಮಾಲೀಕ ಅಷ್ಟು ಕಾಯುವುದಿಲ್ಲ ಎನ್ನುತ್ತೀರಿ, ಸರಿ. ಸಂಘದ ನೋಂದಣಿಯನ್ನು ಮೊದಲು ಮುಗಿಸಿ, ಸದಸ್ಯತ್ವದ ವಿವರವಾದ ನಿಯಮಗಳನ್ನು ನಿಧಾನವಾಗಿ ಬರೆದುಕೊಳ್ಳಿ.

ಇಷ್ಟೆಲ್ಲ ಬರೆದ ನಾವು ಒಂದನ್ನು ಮರೆತಿದ್ದೆವು, ಸಮಾಧಿಯ ಜಾಗ. ನಿಯಮಗಳು ಜಾರಿಗೆ ಬಂದ ಎರಡನೆಯ ತಿಂಗಳಲ್ಲಿ ಆ ಬೆಟಗೇರಿ ಅಜ್ಜಿ ತೀರಿಕೊಂಡರು. ಊರಿನಲ್ಲಿದ್ದ ಕ್ರೈಸ್ತ ಸಮಾಧಿಭೂಮಿ ಹಳೆಯ ಸಭೆಯದು. ಅವರ ಹಿರಿಯರು ಒಳ್ಳೆಯವರು, ಜಾಗ ಕೊಡುತ್ತೇವೆ ಎಂದರು, ಆದರೆ ನಿಮ್ಮ ಸಭೆಯ ಸದಸ್ಯರೆಂದು ಬರವಣಿಗೆಯಲ್ಲಿ ಕೊಡಿ ಎಂದು ಕೇಳಿದರು. ರಾತ್ರಿ ಹನ್ನೊಂದು ಗಂಟೆಗೆ ಪುಸ್ತಕ ತೆಗೆದು, ಅವರ ಹೆಸರಿನ ಮುಂದೆ ‘ಬಾಲ್ಯದಲ್ಲಿ ದೀಕ್ಷಾಸ್ನಾನ, ಸಾಕ್ಷಿಯ ಮೇಲೆ ಸೇರ್ಪಡೆ’ ಎಂದು ನನ್ನದೇ ಕೈಬರಹದಲ್ಲಿದ್ದ ಸಾಲನ್ನು ನೋಡಿಕೊಂಡು ಪತ್ರ ಬರೆದುಕೊಟ್ಟೆ. ನಮ್ಮ ಸಭೆಯ ಮುದ್ರೆ ಬಿದ್ದ ಮೊದಲ ಪತ್ರ ಅದು.