ಸಣ್ಣ ವರ್ಕ್‌ಶಾಪ್‌ನ ಸಿಎನ್‌ಸಿ ಪ್ಲಾಸ್ಮಾ ಯಂತ್ರಕ್ಕೆ ಯಾವ ಡಿಸೈನ್ ಸಾಫ್ಟ್‌ವೇರ್ ಒಳ್ಳೆಯದು?

ಗೇಟು, ಗ್ರಿಲ್ ಮತ್ತು ಶೆಡ್ಡಿನ ಕೆಲಸ ಮಾಡುವ ನಿಮ್ಮ ವರ್ಕ್‌ಶಾಪ್‌ಗೆ, ಕಂಪ್ಯೂಟರ್ ಹೇಳಿದಂತೆ ಲೋಹದ ತಗಡು ಕತ್ತರಿಸುವ ಪ್ಲಾಸ್ಮಾ ಟೇಬಲ್ ಬರಲಿದೆ, ಅದಕ್ಕೆ ಆಟೋಕ್ಯಾಡ್, ಫ್ಯೂಷನ್, ಇಂಕ್‌ಸ್ಕೇಪ್‌ಗಳಲ್ಲಿ ಯಾವುದನ್ನು ಆರಿಸಲಿ ಎಂದು ಕೇಳಿದ್ದೀರಿ. ಹುಬ್ಬಳ್ಳಿಯ ತಾರಿಹಾಳದಲ್ಲಿ ನಮ್ಮ ಮೊದಲ ಟೇಬಲ್ ಇಳಿದಾಗ ನಾನೂ ಇದೇ ಪ್ರಶ್ನೆಯನ್ನು ಕಂಡಕಂಡವರಿಗೆಲ್ಲ ಕೇಳಿ, ಕೊನೆಗೆ ಪ್ರತಿ ವರ್ಷ ಹಣ ಕಟ್ಟಬೇಕಾದ ದುಬಾರಿ ತ್ರೀಡಿ ಪ್ಯಾಕೇಜೊಂದನ್ನು ಕೊಂಡಿದ್ದೆ. ಅದು ಕೆಟ್ಟ ಸಾಫ್ಟ್‌ವೇರ್ ಆಗಿರಲಿಲ್ಲ. ಆದರೂ ನಮ್ಮ ಮೊದಲ ದೊಡ್ಡ ಆರ್ಡರ್ ಹಾಳಾಗುವುದನ್ನು ತಡೆಯಲು ಅದರಿಂದ ಆಗಲಿಲ್ಲ.

ಆ ಆರ್ಡರ್ ಒಂದು ಗೋದಾಮಿನ ಕಂಬಗಳ ಬೇಸ್ ಪ್ಲೇಟ್‌ಗಳದು: 10 ಮಿ.ಮೀ. ದಪ್ಪದ ಎಂ.ಎಸ್. (ಮೈಲ್ಡ್ ಸ್ಟೀಲ್) ಪ್ಲೇಟ್, 300 ಮಿ.ಮೀ. ಚೌಕ, ನಾಲ್ಕು ಮೂಲೆಗಳಲ್ಲಿ ಎಂ16 (16 ಮಿ.ಮೀ.) ಬೋಲ್ಟಿಗೆಂದು 18 ಮಿ.ಮೀ. ತೂತುಗಳು. ಪ್ಲಾಸ್ಮಾ ಜ್ವಾಲೆ ಲೋಹವನ್ನು ಕರಗಿಸಿ ಹಾಯುವಾಗ ಒಂದು ಸೀಳನ್ನು ಬಿಟ್ಟು ಹೋಗುತ್ತದೆ. ಅದರ ಅಗಲಕ್ಕೆ ಕೆರ್ಫ್ ಎನ್ನುತ್ತಾರೆ. ನಮ್ಮ ಯಂತ್ರದಲ್ಲಿ ಆ ದಪ್ಪಕ್ಕೆ ಅದು ಸುಮಾರು 2 ಮಿ.ಮೀ. ಇತ್ತು. ಜ್ವಾಲೆ ಉಗುಳುವ ಟಾರ್ಚ್ ಡ್ರಾಯಿಂಗ್‌ನ ಗೆರೆಯ ಮೇಲೆಯೇ ಓಡಿದರೆ ಗೆರೆಯ ಎರಡೂ ಬದಿಯಲ್ಲಿ 1 ಮಿ.ಮೀ. ಕರಗಿ ಹೋಗುತ್ತದೆ. ಆದ್ದರಿಂದ ಹೊರಗಿನ ಅಂಚಿಗೆ ಟಾರ್ಚ್ 1 ಮಿ.ಮೀ. ಹೊರಗೆ ಸರಿದು ಓಡಬೇಕು, ತೂತಿಗೆ 1 ಮಿ.ಮೀ. ಒಳಗೆ ಸರಿದು ಓಡಬೇಕು.

ಗ್ಯಾಸ್ ಕಟಿಂಗ್ ಕಾಲದಲ್ಲಿ ಟೆಂಪ್ಲೇಟ್ ಮಾಡುವಾಗಲೇ ಈ ಅಂತರವನ್ನು ಸೇರಿಸುವುದು ನನ್ನ ರೂಢಿಯಾಗಿತ್ತು. ಅದೇ ರೂಢಿಯಲ್ಲಿ ಡ್ರಾಯಿಂಗ್‌ನಲ್ಲೇ ಪ್ರತಿ ಗೆರೆಯನ್ನೂ 1 ಮಿ.ಮೀ. ಸರಿಸಿ ಬರೆದೆ. ಆ ಫೈಲನ್ನು ಜಿ-ಕೋಡ್ (ಯಂತ್ರ ಹೇಗೆ ಸಾಗಬೇಕೆಂಬ ಆದೇಶಗಳು) ಆಗಿ ಮಾಡುವ ಕ್ಯಾಮ್ ಪ್ರೋಗ್ರಾಮ್ ತನ್ನ ಟೂಲ್ ಪಟ್ಟಿಯಲ್ಲಿದ್ದ 2 ಮಿ.ಮೀ. ಕೆರ್ಫ್ ಅನ್ನು ನೋಡಿ ಇನ್ನೊಮ್ಮೆ 1 ಮಿ.ಮೀ. ಸರಿಸಿತು. ಪ್ಲೇಟು 302 ಮಿ.ಮೀ. ಆಯಿತು, ತೂತು 16 ಮಿ.ಮೀ. ಆಯಿತು. ಮೊದಲ ಪ್ಲೇಟಿನ ಹೊರ ಅಳತೆಯನ್ನು ಮಾತ್ರ ಟೇಪ್ ಹಿಡಿದು ನೋಡಿದ ನಾನು, ಬೇಸ್ ಪ್ಲೇಟಿನಲ್ಲಿ 2 ಮಿ.ಮೀ. ಹೆಚ್ಚಿದ್ದರೆ ಏನೂ ತೊಂದರೆಯಿಲ್ಲ ಎಂದುಕೊಂಡು ಉಳಿದವನ್ನೆಲ್ಲ ಕತ್ತರಿಸಲು ಹೇಳಿದೆ. ಆ 2 ಮಿ.ಮೀ. ಎಲ್ಲಿಂದ ಬಂತು ಎಂದು ಆಗಲೇ ಕೇಳಿಕೊಂಡಿದ್ದರೆ ಒಂದೇ ಪ್ಲೇಟಿನಲ್ಲಿ ಮುಗಿಯುತ್ತಿತ್ತು. ಪ್ಲಾಸ್ಮಾ ತೂತು ಕೆಳಭಾಗದಲ್ಲಿ ಸ್ವಲ್ಪ ಕಿರಿದಾಗುತ್ತದೆ, ಅಂಚಿಗೆ ಕಿಟ್ಟವೂ ಅಂಟಿರುತ್ತದೆ. ಹೀಗಾಗಿ ಸೈಟಿನಲ್ಲಿ ಒಂದು ಬೋಲ್ಟೂ ಇಳಿಯಲಿಲ್ಲ.

ಮತ್ತೆ ಕೊರೆದು ಸರಿಪಡಿಸೋಣವೆಂದರೆ ಅದೂ ಸುಲಭವಿರಲಿಲ್ಲ. ಗಾಳಿಯಿಂದ ನಡೆಯುವ ಪ್ಲಾಸ್ಮಾದಲ್ಲಿ ಗಾಳಿಯ ಸಾರಜನಕ ಕತ್ತರಿಸಿದ ಅಂಚಿನೊಳಗೆ ಸೇರಿ ಅದನ್ನು ಗಡಸುಗೊಳಿಸುತ್ತದೆ, ಆ ಗಡಸು ಪದರ ಡ್ರಿಲ್ ಬಿಟ್‌ಗಳ ಮೊನೆಯನ್ನು ತಿಂದುಹಾಕುತ್ತದೆ. ಆ ಕೆಲಸದಲ್ಲಿ ಬಿಟ್‌ಗಳಿಗೂ ಕೂಲಿಗೂ ಹೋದ ಹಣದ ಮೇಲೆ, ಕೊಟ್ಟ ಮಾತಿನ ದಿನಕ್ಕೆ ಮಾಲು ತಲುಪಲಿಲ್ಲವೆಂದು ಆ ಗಿರಾಕಿಯೂ ಕೈಬಿಟ್ಟು ಹೋದರು.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ನೀವು ಮೊದಲು ಆರಿಸಬೇಕಾದದ್ದು ಡಿಸೈನ್ ಸಾಫ್ಟ್‌ವೇರ್ ಅಲ್ಲ, ಕ್ಯಾಮ್. ಟಾರ್ಚ್ ಎಲ್ಲಿ ಚುಚ್ಚಬೇಕು, ಅಂಚಿಗೆ ಯಾವ ಕಡೆಯಿಂದ ಪ್ರವೇಶಿಸಬೇಕು, ಒಳಗಿನ ತೂತುಗಳನ್ನು ಮೊದಲು ಕತ್ತರಿಸಿ ಹೊರ ಅಂಚನ್ನು ಕೊನೆಗೆ ಬಿಡುವುದು ಹೇಗೆ, ಕೆರ್ಫ್ ಎಷ್ಟು, ಇವೆಲ್ಲ ತೀರ್ಮಾನವಾಗುವುದು ಅಲ್ಲಿ. ಸಾಮಾನ್ಯ ಟಾರ್ಚ್‌ಗಳಲ್ಲಿ ಅನಿಲ ಸುಳಿಯಾಗಿ ತಿರುಗುವುದರಿಂದ, ಸಾಗುವ ದಿಕ್ಕಿನ ಬಲಗಡೆಯ ಅಂಚು ನೇರವಾಗಿಯೂ ಎಡಗಡೆಯದು ಹೆಚ್ಚು ಓರೆಯಾಗಿಯೂ ಬರುತ್ತದೆ. ಹೀಗಾಗಿ ಹೊರ ಅಂಚು ಗಡಿಯಾರದ ದಿಕ್ಕಿನಲ್ಲಿ, ತೂತು ಅದರ ವಿರುದ್ಧ ದಿಕ್ಕಿನಲ್ಲಿ ಸಾಗಬೇಕು. ಎಷ್ಟೇ ದುಬಾರಿ ಡ್ರಾಯಿಂಗ್ ಆದರೂ ಇದನ್ನು ತಾನಾಗಿ ಹೇಳಲಾರದು.

ಕೆರ್ಫ್ ಲೆಕ್ಕವೂ ಕ್ಯಾಮ್‌ನಲ್ಲಿ ಮಾತ್ರ ಇರಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಡ್ರಾಯಿಂಗ್‌ನಲ್ಲಿ ಇರಬೇಕಾದದ್ದು ವಸ್ತುವಿನ ನಿಜವಾದ ಅಳತೆ. ಯಂತ್ರವನ್ನು ನಡೆಸುವ ಕಂಟ್ರೋಲರ್‌ನಲ್ಲಿಯೂ ಕೆರ್ಫ್ ತುಂಬುವ ಜಾಗವಿದ್ದರೆ ಅಲ್ಲಿ ಸೊನ್ನೆ ಹಾಕಿಡಿ. ನಾಝಲ್ ಸವೆದಂತೆ ಸೀಳು ಅಗಲವಾಗುತ್ತದೆ. ಲೆಕ್ಕ ಕ್ಯಾಮ್‌ನಲ್ಲಿದ್ದರೆ ಒಂದು ಅಂಕಿಯನ್ನು ತಿದ್ದಿದರೆ ಸಾಕು, ಡ್ರಾಯಿಂಗ್‌ನಲ್ಲಿದ್ದರೆ ಪ್ರತಿ ಫೈಲನ್ನೂ ತಿದ್ದಬೇಕು.

ನಾವು ಈಗ ಬಳಸುವ ಕ್ಯಾಮ್ ಪ್ರೋಗ್ರಾಮ್ ಶೀಟ್‌ಕ್ಯಾಮ್. ಒಮ್ಮೆ ಹಣ ಕೊಟ್ಟರೆ ಮುಗಿಯಿತು, ಯಂತ್ರ ನಡೆಸುವ ಮ್ಯಾಕ್3 ಮತ್ತು ಲಿನಕ್ಸ್‌ಸಿಎನ್‌ಸಿ ಸಾಫ್ಟ್‌ವೇರ್ ಎರಡಕ್ಕೂ ಹೊಂದುತ್ತದೆ. ನಿಮ್ಮ ಟೇಬಲ್ ಜೊತೆಗೆ ನೆಸ್ಟಿಂಗ್ (ಒಂದೇ ಪ್ಲೇಟಿನಲ್ಲಿ ಬಿಡಿಭಾಗಗಳನ್ನು ಜೋಡಿಸುವ) ಪ್ರೋಗ್ರಾಮ್ ಕೊಡುತ್ತಿದ್ದರೆ ಮೊದಲು ಅದನ್ನೇ ಪೂರ್ತಿಯಾಗಿ ಕಲಿಯಿರಿ. 2500×1250 ಅಳತೆಯ 10 ಮಿ.ಮೀ. ಪ್ಲೇಟ್ ಒಂದರ ತೂಕ ಸುಮಾರು 245 ಕೆ.ಜಿ.; ಬಿಡಿಭಾಗಗಳನ್ನು ಒತ್ತೊತ್ತಾಗಿ ಜೋಡಿಸಿ ಶೇ. 5ರಷ್ಟು ಉಳಿಸಿದರೂ ಒಂದು ಪ್ಲೇಟಿಗೆ 12 ಕೆ.ಜಿ. ಉಕ್ಕು ಸ್ಕ್ರ್ಯಾಪ್ ಆಗದೆ ಉಳಿಯುತ್ತದೆ. ಫ್ಯೂಷನ್‌ನಲ್ಲಿ ಡ್ರಾಯಿಂಗ್ ಮತ್ತು ಕ್ಯಾಮ್ ಒಂದೇ ಕಡೆ ಇರುವುದು ನಿಜ, ಆದರೆ ಅದರ ಉಚಿತ ಲೈಸೆನ್ಸ್ ವ್ಯಾಪಾರಕ್ಕಲ್ಲ, ಸ್ವಂತ ಹವ್ಯಾಸಕ್ಕೆ. ದುಡಿಯುವ ವರ್ಕ್‌ಶಾಪ್ ಅದನ್ನು ಉಚಿತವೆಂದು ಎಣಿಸಬಾರದು.

ಇನ್ನು ಡ್ರಾಯಿಂಗ್. ಕ್ಯಾಮ್‌ಗೆ ಕೊಡುವ ಡಿಎಕ್ಸ್‌ಎಫ್ ಎಂಬ ಫೈಲ್ ರೂಪ 1982ರಲ್ಲಿ ಆಟೋಕ್ಯಾಡ್ ಜೊತೆ ಬಂದದ್ದು, ಇಂದು ಅದನ್ನು ಬರೆಯದ ಡ್ರಾಯಿಂಗ್ ಸಾಫ್ಟ್‌ವೇರ್ ಅಪರೂಪ. ಬ್ರ್ಯಾಕೆಟ್, ಬೇಸ್ ಪ್ಲೇಟ್, ಫ್ಲ್ಯಾಂಜ್‌ಗಳಿಗೆ ಉಚಿತವಾದ ಲಿಬ್ರೆಕ್ಯಾಡ್ ಸಾಕು. ಗೇಟಿನ ಬಳ್ಳಿ, ನವಿಲು ಮತ್ತು ಮನೆಯ ನಾಮಫಲಕಗಳಿಗೆ ಇಂಕ್‌ಸ್ಕೇಪ್ ತೆಗೆದುಕೊಳ್ಳಿ. ಯೂನಿಕೋಡ್ ಕನ್ನಡ ಅದರಲ್ಲಿ ಒತ್ತಕ್ಷರ ಸಮೇತ ಸರಿಯಾಗಿ ಮೂಡುತ್ತದೆ. ಅಕ್ಷರಗಳನ್ನು ಪಾತ್ (ಬರಿಯ ಗೆರೆಗಳು) ಆಗಿ ಪರಿವರ್ತಿಸಿದ ಮೇಲೆಯೇ ಡಿಎಕ್ಸ್‌ಎಫ್ ಮಾಡಿ. ಅಕ್ಷರವನ್ನು ತಗಡಿನಲ್ಲಿ ಕೊರೆದು ತೆಗೆಯುವುದಾದರೆ ‘ರ’, ‘ಠ’ ಮತ್ತು ಅನುಸ್ವಾರದ ಒಳಗಿನ ಭಾಗ ಕಳಚಿ ಬೀಳುತ್ತದೆ, ಅಲ್ಲಲ್ಲಿ ಸಣ್ಣ ಸೇತುವೆ ಬಿಡಬೇಕು. ಮೊಬೈಲಿನಲ್ಲಿ ಬಂದ ಚಿತ್ರವನ್ನು ಟ್ರೇಸ್ ಮಾಡಿದರೆ ಒಂದು ಬಳ್ಳಿಯಲ್ಲೇ ಸಾವಿರಾರು ತುಂಡು ಗೆರೆಗಳು ಬರುತ್ತವೆ, ಪ್ರತಿ ತುಂಡಿನ ತುದಿಯಲ್ಲೂ ಯಂತ್ರ ನಿಧಾನವಾಗಿ ಅಂಚೆಲ್ಲ ಕಿಟ್ಟವಾಗುತ್ತದೆ. ಟ್ರೇಸ್ ಮಾಡಿದ ಗೆರೆಗಳನ್ನು ಸರಳಗೊಳಿಸದೆ ಯಂತ್ರಕ್ಕೆ ಕಳುಹಿಸಬೇಡಿ.

ಟೇಬಲ್ ಮಾರುವವರಿಗೆ ಉಳಿದ ಹಣ ಕೊಡುವ ಮೊದಲು, ಕ್ಯಾಮ್‌ನ ಕೋಡನ್ನು ಅವರ ಕಂಟ್ರೋಲರ್‌ಗೆ ಹೊಂದುವ ರೂಪಕ್ಕೆ ತರುವ ಪೋಸ್ಟ್-ಪ್ರೊಸೆಸರ್ ಫೈಲನ್ನು ಕೇಳಿ ಪಡೆಯಿರಿ. ಅದಿಲ್ಲದೆ ನಿಮ್ಮ ಕ್ಯಾಮ್ ಬರೆದ ಕೋಡ್ ಯಂತ್ರಕ್ಕೆ ಅರ್ಥವಾಗದೆ ಹೋಗಬಹುದು. ಆಮೇಲೆ ಅವರ ಎದುರಿನಲ್ಲೇ 100 ಮಿ.ಮೀ. ಚೌಕದ ನಡುವೆ 50 ಮಿ.ಮೀ. ತೂತಿರುವ ಒಂದು ತುಂಡನ್ನು ಕತ್ತರಿಸಿ, ಟೇಪ್ ಬಿಟ್ಟು ವರ್ನಿಯರ್ ಕ್ಯಾಲಿಪರ್‌ನಿಂದ ಹೊರಗನ್ನೂ ಒಳಗನ್ನೂ ಅಳೆಯಿರಿ. ಕೆರ್ಫ್ 2 ಮಿ.ಮೀ. ಇರುವಲ್ಲಿ ಚೌಕ 98, ತೂತು 52 ಬಂದರೆ ಲೆಕ್ಕ ಎಲ್ಲಿಯೂ ಸೇರಿಲ್ಲ. ಚೌಕ 102, ತೂತು 48 ಬಂದರೆ ಎರಡು ಕಡೆ ಸೇರಿದೆ. 100 ಮತ್ತು 50 ಬರುವ ತನಕ ಯಾವ ಗಿರಾಕಿಯಿಂದಲೂ ಮುಂಗಡ ತೆಗೆದುಕೊಳ್ಳಬೇಡಿ.