ಶೇಡ್ ಕಾರ್ಡಿನ ಹಿಂಬದಿಯ ಚಿತ್ರಗಳು: ಒಂದು ಆಪ್ತಸಲಹೆ ಪ್ರಕರಣ

ನನ್ನ ಬಳಿ ಆಪ್ತಸಲಹೆಗೆ ಬಂದ ವಿದ್ಯಾರ್ಥಿನಿಯೊಬ್ಬಳ ಗುರುತು ಸಿಗಬಾರದೆಂದು ಹೆಸರನ್ನೂ ಕೆಲವು ಸಣ್ಣ ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆ ಪಡೆದಿದ್ದೇನೆ. ಇಲ್ಲಿ ಅವಳು ಗೌರಿ.

ಗೌರಿ ವಿದ್ಯಾರ್ಥಿವೇತನದ ವಿಚಾರ ಕೇಳಲು ಬಂದವಳಲ್ಲ. ಕಾಲೇಜು ಬಿಡುತ್ತೇನೆಂದು ಮನೆಯಲ್ಲಿ ಹೇಗೆ ಹೇಳಲಿ ಎಂದು ಕೇಳಲು ಬಂದಿದ್ದಳು. ವಯಸ್ಸು 20. ದೃಶ್ಯಕಲಾ ಪದವಿಯ ಎರಡನೆಯ ವರ್ಷ. ತಂದೆ ಮನೆಗಳಿಗೆ ಬಣ್ಣ ಹೊಡೆಯುತ್ತಾರೆ, ತಾಯಿ ಬೀಡಿ ಕಟ್ಟುತ್ತಾರೆ, ತಮ್ಮ ಪಿಯುಸಿ ಓದುತ್ತಿದ್ದಾನೆ. ಊರು ದೂರವಾದ್ದರಿಂದ ಮೂವರು ಗೆಳತಿಯರೊಂದಿಗೆ ಬಾಡಿಗೆ ಕೋಣೆಯಲ್ಲಿದ್ದಾಳೆ. ಎರಡನೆಯ ಕಂತಿನ ಶುಲ್ಕ ಬಾಕಿ ಉಳಿದಿತ್ತು. ಬೆಳಗಿನ ತಿಂಡಿ ಬಿಟ್ಟು ಉಳಿಸಿದ ಹಣದಲ್ಲಿ ಬಣ್ಣದ ಟ್ಯೂಬ್ ಕೊಳ್ಳುತ್ತಿದ್ದಳು. ಇದನ್ನು ಅವಳಾಗಿ ಹೇಳಲಿಲ್ಲ, ಮೂರು ಸಲ ಕೇಳಿದ ಮೇಲೆ ಹೇಳಿದಳು.

ನಿದ್ದೆ ಹೇಗಿದೆ, ಯಾರೊಂದಿಗೆ ಮಾತನಾಡುತ್ತೀಯ, ಸಾಯುವ ಯೋಚನೆ ಬರುತ್ತದೆಯೇ ಎಂದು ಮೊದಲ ಭೇಟಿಯಲ್ಲೇ ನೇರವಾಗಿ ಕೇಳಿದೆ. ಅಂಥ ಯೋಚನೆ ಇಲ್ಲ ಎಂದಳು. ಆಯಾಸ ಮಾತ್ರ ಕಣ್ಣಿನಲ್ಲೇ ಕಾಣುತ್ತಿತ್ತು. ಚಿತ್ರ ಬಿಡಿಸುವುದು ಬೇಸರವಾಗಿದೆಯೇ ಎಂದೆ.

“ಬೇಸರವಿಲ್ಲ ಮೇಡಂ. ನನ್ನಲ್ಲಿ ಮೆರಿಟ್ ಇಲ್ಲ.”

ಆ ಮಾತಿನ ಕೆಳಗೆ ಗೆರೆ ಎಳೆದುಕೊಂಡೆ. ದುಡ್ಡಿನ ತೊಂದರೆಯನ್ನು ಅವಳು ತನ್ನ ಯೋಗ್ಯತೆಯ ತೀರ್ಪು ಎಂದು ಓದಿಕೊಂಡಿದ್ದಳು. ಅದು ಹುಟ್ಟಿದ್ದು ಹೀಗೆ. ಕೋಣೆಯ ಗೆಳತಿಯೊಬ್ಬಳಿಗೆ ಕೇಂದ್ರ ಸರ್ಕಾರದ ಪಿಎಂ-ಯುಎಸ್‌ಪಿ ವಿದ್ಯಾರ್ಥಿವೇತನ ಸಿಕ್ಕಿತ್ತು. ಪದವಿ ಓದುವಾಗ ವರ್ಷಕ್ಕೆ 12,000 ರೂಪಾಯಿ. ಹನ್ನೆರಡನೆಯ ತರಗತಿಯ ಫಲಿತಾಂಶದಲ್ಲಿ ಮೇಲಿನ ಐದನೆಯ ಒಂದು ಪಾಲಿನಲ್ಲಿ ಇರುವವರಿಗೆ ಮಾತ್ರ ಅದು ಸಿಗುತ್ತದೆ. ಗೌರಿಯ ಪಿಯುಸಿ ಅಂಕ ಶೇಕಡ 61. ಅಲ್ಲಿಗೆ ಅವಳು ಹುಡುಕುವುದನ್ನೇ ನಿಲ್ಲಿಸಿದ್ದಳು.

ಕಲಾ ವಿದ್ಯಾರ್ಥಿಗಳು ನನ್ನ ಬಳಿ ಬಂದಾಗಲೆಲ್ಲ ಈ ಗೊಂದಲ ಕಾಣುತ್ತದೆ. ಅಂಕ ನೋಡಿ ಕೊಡುವ ಪ್ರತಿಭಾ ವೇತನ ಒಂದು ಬಗೆ. ಕೈಕೆಲಸ ನೋಡಿ ಕೊಡುವುದು ಇನ್ನೊಂದು ಬಗೆ. ಇವೆರಡೂ ಅಲ್ಲದೆ ಮನೆಯ ಆದಾಯ ಮತ್ತು ವರ್ಗದ ಆಧಾರದ ಮೇಲೆ ಹಕ್ಕಾಗಿ ಬರುವ ಹಣವಿದೆ. ಮೊದಲನೆಯದು ಸಿಗಲಿಲ್ಲವೆಂದು ಉಳಿದ ಎರಡನ್ನೂ ಬಿಟ್ಟುಬಿಡುತ್ತಾರೆ. ಮೂರು ವಾರ ಯಾವ ತೀರ್ಮಾನವನ್ನೂ ಮಾಡುವುದಿಲ್ಲ ಎಂದು ಮಾತು ತೆಗೆದುಕೊಂಡು, ಇದ್ದಬದ್ದ ಕಾಗದಪತ್ರಗಳನ್ನೆಲ್ಲ ತರಲು ಹೇಳಿ ಕಳುಹಿಸಿದೆ.

ಎರಡನೆಯ ಭೇಟಿಯ ಒಂದೂವರೆ ಗಂಟೆ ಆ ಕಾಗದಗಳಲ್ಲೇ ಕಳೆಯಿತು. ಮೊದಲ ವರ್ಷ ಅವಳು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ್ದಳು. ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳು ಹಾಸ್ಟೆಲ್‌ನಲ್ಲಿ ಇಲ್ಲದಿದ್ದರೆ ಊಟ, ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುವ ವಿದ್ಯಾಸಿರಿ ಯೋಜನೆ ಅದು. “ಬರಲಿಲ್ಲ ಮೇಡಂ, ನನಗೆ ಅದೂ ಬರಲಿಲ್ಲ” ಎಂದಳು. ಪೋರ್ಟಲ್ ತೆರೆದು ನೋಡಿದರೆ ಹಣ ಪಾವತಿಯಾಗಿದೆ ಎಂದು ಇತ್ತು. ಆದರೆ ಅವಳ ಬ್ಯಾಂಕ್ ಪುಸ್ತಕದಲ್ಲಿ ಅದರ ಸುಳಿವೇ ಇಲ್ಲ.

ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿ ನೋಡಿದೆವು. ಅಲ್ಲಿ ಬಂದದ್ದು ಅವಳು ಹೆಸರನ್ನೂ ಕೇಳಿರದ ಒಂದು ಖಾತೆ. ಎರಡು ವರ್ಷದ ಹಿಂದೆ ಸಿಮ್ ಕೊಳ್ಳುವಾಗ ಅಂಗಡಿಯವನು ಎರಡು ಸಲ ಬೆರಳು ಒತ್ತಿಸಿಕೊಂಡಿದ್ದ. ಒಂದು ಸಿಮ್‌ಗೆ, ಇನ್ನೊಂದು ಮೊಬೈಲ್ ಖಾತೆ ತೆರೆಯುವುದಕ್ಕೆ. ಸರ್ಕಾರದ ನೇರ ನಗದು ವರ್ಗಾವಣೆ ನಾವು ಅರ್ಜಿಯಲ್ಲಿ ಬರೆದ ಖಾತೆಗೆ ಹೋಗುವುದಿಲ್ಲ, ಆಧಾರ್ ಕೊನೆಯದಾಗಿ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. 15,000 ರೂಪಾಯಿ ಅಲ್ಲೇ ಕುಳಿತಿತ್ತು. ಗೌರಿ ಆ ಮೊತ್ತವನ್ನು ಮೊಬೈಲ್ ಪರದೆಯಲ್ಲಿ ನೋಡಿ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಈ ವರ್ಷವೆಲ್ಲ ತಿಂಡಿ ಬಿಟ್ಟೆನಲ್ಲ” ಎಂದಳು. ನನಗೂ ಗಂಟಲು ಕಟ್ಟಿತು.

ಮರುದಿನವೇ ಬ್ಯಾಂಕಿಗೆ ಹೋಗಿ ಜೋಡಣೆ ಬದಲಿಸಿಕೊಳ್ಳಲು ಹೇಳಿದೆ. ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಮಾಡಿಸಿದ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ತುಂಬುವುದರಲ್ಲಿತ್ತು. ನಾಡಕಚೇರಿಯಲ್ಲಿ ಹೊಸದಕ್ಕೆ ಅರ್ಜಿ ಕೊಡಲು ಚೀಟಿ ಬರೆದುಕೊಟ್ಟೆ. ಪದವಿಯ ನಡುವೆ ಇದು ಮುಗಿದುಹೋಗಿ ಅರ್ಜಿ ತಿರಸ್ಕೃತವಾದ ಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ.

ಮೂರನೆಯ ಭೇಟಿಗೆ ಅವಳ ಕೆಲಸಗಳನ್ನು ತರಿಸಿದೆ. ದೊಡ್ಡ ಫೋಲ್ಡರ್‌ನಲ್ಲಿ ತರಗತಿಯ ಸ್ಥಿರಚಿತ್ರಗಳಿದ್ದವು: ಹೂಜಿ, ಬಟ್ಟೆಯ ಮಡಿಕೆ, ಬಾಳೆಹಣ್ಣು. ಅಚ್ಚುಕಟ್ಟಾಗಿದ್ದವು, ಆದರೆ ಯಾರು ಬೇಕಾದರೂ ಮಾಡಬಹುದಾದವು. ಫೋಲ್ಡರ್ ಮುಚ್ಚುವಾಗ ಒಳಗಿನಿಂದ ಬಣ್ಣದ ಕಂಪನಿಯ ಶೇಡ್ ಕಾರ್ಡಿನ ಒಂದು ಪಟ್ಟಿ ಜಾರಿ ಬಿತ್ತು. ಎತ್ತಿಕೊಟ್ಟೆ. ಹಿಂಬದಿಯಲ್ಲಿ ಚಿತ್ರವಿತ್ತು.

ಹೆಬ್ಬೆಟ್ಟಿಗಿಂತ ಸ್ವಲ್ಪ ಅಗಲದ ಜಾಗ. ಗೋಡೆಗೆ ಒರಗಿಸಿದ ಏಣಿ, ಅದರ ಮೂರನೆಯ ಮೆಟ್ಟಿಲಿನಲ್ಲಿ ಬರಿಗಾಲು, ಹಿಮ್ಮಡಿಯ ಬಿರುಕಿನಲ್ಲಿ ಬಿಳಿ ಪ್ರೈಮರ್. ಆ ಪಟ್ಟಿಯ ಮುಂಬದಿಯಲ್ಲಿ ಅಚ್ಚಾಗಿದ್ದ ಐದು ಛಾಯೆಗಳನ್ನಷ್ಟೇ ಚಿತ್ರದಲ್ಲಿ ಬಳಸಿದ್ದಳು. ಬಣ್ಣವೂ ಅಪ್ಪನ ಬಕೆಟ್‌ಗಳ ತಳದಲ್ಲಿ ಉಳಿದ ಎಮಲ್ಷನ್. ಇಂಥವು ಎಷ್ಟಿವೆ ಎಂದೆ. ನಲವತ್ತರ ಹತ್ತಿರ ಇರಬಹುದು, ಅದೆಲ್ಲ ಆಟ, ಕಾಗದ ಇಲ್ಲದಾಗ ಮಾಡಿದ್ದು ಎಂದಳು.

ನಾನು ಕಲಾವಿಮರ್ಶಕಿಯಲ್ಲ. ಆದ್ದರಿಂದ ಅವಳ ಅಧ್ಯಾಪಕರೊಬ್ಬರಿಗೆ ತೋರಿಸು ಎಂದೆ. ಅವರು ಹೇಳಿದ ಮಾತನ್ನು ಅವಳೇ ಬಂದು ಹೇಳಿದಳು: “ಇದನ್ನು ಇಷ್ಟು ದಿನ ಯಾಕೆ ಬಚ್ಚಿಟ್ಟಿದ್ದೆ?” ಅದೇ ದಿನ ಕೆ. ವೆಂಕಟಪ್ಪನವರ ವಿಷಯ ಎತ್ತಿದೆ. ಬೆಂಗಳೂರಿನ ವೆಂಕಟಪ್ಪ ಕಲಾ ಗ್ಯಾಲರಿಗೆ ಅವಳು ಕಾಲೇಜಿನ ಪ್ರವಾಸದಲ್ಲಿ ಹೋಗಿದ್ದಳು. ಚಿತ್ರಗಾರರ ಮನೆತನದ ಆ ಹುಡುಗ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿತದ್ದು ಮೈಸೂರು ಅರಸರು ಕೊಟ್ಟ ವಿದ್ಯಾರ್ಥಿವೇತನದಿಂದ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಕಲಿಯಲು ನೆರವು ಕೇಳುವುದು ಭಿಕ್ಷೆಯಲ್ಲ ಎಂದು ನಾನು ನೂರು ಸಲ ಹೇಳಿದರೂ ಆಗದ ಕೆಲಸ ಈ ಒಂದು ಸಂಗತಿಯಿಂದ ಆಯಿತು.

ಕೈಕೆಲಸ ನೋಡಿ ಕೊಡುವ ವೇತನಗಳಲ್ಲಿ ಅವಳ ವಯಸ್ಸಿಗೆ ಸರಿಹೊಂದುವುದು ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ. ವಯಸ್ಸು 18ರಿಂದ 25. ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ, ಆರು ತಿಂಗಳಿಗೊಮ್ಮೆ ಕಂತಿನಲ್ಲಿ. ಸಂಗೀತ, ನೃತ್ಯ, ರಂಗಭೂಮಿ, ಚಿತ್ರ, ಶಿಲ್ಪ ಎಲ್ಲಕ್ಕೂ ಸೇರಿ ದೇಶಕ್ಕೆ 400. ಅರ್ಜಿಯ ನಿರ್ವಹಣೆ ಆ ಸಚಿವಾಲಯದಡಿಯ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ, ಅಂದರೆ ಸಿಸಿಆರ್‌ಟಿಯದು. ಆಯ್ಕೆ ತಜ್ಞರ ಸಮಿತಿಯ ಮುಂದೆ. ಇಲ್ಲಿ ಪಿಯುಸಿ ಅಂಕವನ್ನು ತೂಗುವುದಿಲ್ಲ. ಬದಲಿಗೆ ಗುರುವಿನ ಬಳಿ ಅಥವಾ ಸಂಸ್ಥೆಯಲ್ಲಿ ಕನಿಷ್ಠ ಐದು ವರ್ಷದ ಅಭ್ಯಾಸ ಆಗಿರಬೇಕು.

ಐದು ವರ್ಷ ಎಂದ ಕೂಡಲೇ ಗೌರಿ ಮತ್ತೆ ಕುಗ್ಗಿದಳು. ಕಾಲೇಜಿನಲ್ಲಿ ಆಗಿರುವುದು ಎರಡೇ ವರ್ಷವಲ್ಲವೇ ಎಂದಳು. ಹಿಂದಕ್ಕೆ ಎಣಿಸಲು ಹೇಳಿದೆ. ಒಂಬತ್ತನೆಯ ತರಗತಿಯಲ್ಲಿ ಡ್ರಾಯಿಂಗ್ ಲೋವರ್ ಗ್ರೇಡ್, ಹತ್ತರಲ್ಲಿ ಹೈಯರ್ ಗ್ರೇಡ್. ಪಿಯುಸಿಯ ಎರಡು ವರ್ಷ ಭಾನುವಾರಗಳಂದು ಶಾಲೆಯ ಚಿತ್ರಕಲಾ ಶಿಕ್ಷಕರ ಮನೆಯಲ್ಲಿ ಅಭ್ಯಾಸ. ಎಣಿಸಿದರೆ ಆರು ವರ್ಷ. ಪ್ರಮಾಣಪತ್ರಗಳು ಟ್ರಂಕಿನ ತಳದಲ್ಲಿದ್ದವು. ನಿವೃತ್ತರಾಗಿದ್ದ ಶಿಕ್ಷಕರು ದಿನಾಂಕ ಸಹಿತ ಪತ್ರ ಬರೆದುಕೊಟ್ಟರು.

ಕೃತಿಗಳ ಬಗ್ಗೆ ನಾನು ಕೊಟ್ಟ ಸಲಹೆ ಇಷ್ಟು. ಪ್ರತಿಯೊಂದರ ದಿನಾಂಕ, ಅಳತೆ, ಮಾಧ್ಯಮ ಬರೆದಿಡು. ಬೆಳಗಿನ ನೆರಳಿನಲ್ಲಿ, ಫ್ಲ್ಯಾಶ್ ಇಲ್ಲದೆ, ನೇರವಾಗಿ ಮೇಲಿನಿಂದ ಫೋಟೊ ತೆಗೆ. ಇನ್ನೊಬ್ಬರ ಚಿತ್ರ ನೋಡಿ ಬಿಡಿಸಿದ್ದನ್ನು, ಎಷ್ಟೇ ಚೆನ್ನಾಗಿದ್ದರೂ, ಸೇರಿಸಬೇಡ. ಇಪ್ಪತ್ತು ಬಗೆಯದನ್ನು ತೋರಿಸುವುದಕ್ಕಿಂತ ಒಂದೇ ವಿಷಯದ ಬೆನ್ನು ಹತ್ತಿದ ಹತ್ತು ಹನ್ನೆರಡು ಚಿತ್ರ ಮುಂದಿಡು. ಒಂದೇ ಉದ್ದೇಶಕ್ಕೆ ಎರಡು ಕಡೆ ಹಣ ಪಡೆಯಬಾರದೆಂಬ ಷರತ್ತು ಹಲವು ಯೋಜನೆಗಳಲ್ಲಿ ಇರುವುದರಿಂದ, ಈಗಾಗಲೇ ಪಡೆಯುತ್ತಿರುವುದನ್ನು ಅರ್ಜಿಯಲ್ಲಿ ಮುಚ್ಚಿಡಬೇಡ.

ನಿನ್ನ ಕೆಲಸದ ಬಗ್ಗೆ ಒಂದು ಪುಟ ಬರೆದಿಟ್ಟುಕೋ, ಸಂದರ್ಶನದಲ್ಲಿ ಮಾತು ತಡವರಿಸುವುದಿಲ್ಲ ಎಂದಿದ್ದೆ. “ಕಲೆಯೇ ನನ್ನ ಉಸಿರು” ಎಂದು ಶುರು ಮಾಡಿಕೊಂಡು ಬಂದಳು. ಅಪ್ಪ ಬಣ್ಣ ಕಲಸುವುದನ್ನು ಬರೆ ಎಂದು ಹಿಂತಿರುಗಿಸಿದೆ. ಎರಡನೆಯ ಸಲ ತಂದದ್ದು ಹೀಗಿತ್ತು: “ಅಪ್ಪ ಬಿಳಿ ಬಣ್ಣಕ್ಕೆ ಸ್ಟೇನರ್ ಅನ್ನು ಹನಿಹನಿಯಾಗಿ ಬಿಟ್ಟು ಕೋಲಿನಿಂದ ತಿರುವುತ್ತಾರೆ. ಗೋಡೆಯ ಮೂಲೆಗೆ ಒಂದು ಬೆರಳು ಹಚ್ಚಿ ಒಣಗುವವರೆಗೆ ಕಾಯುತ್ತಾರೆ. ಹಸಿ ಬಣ್ಣವನ್ನು ನಂಬಬಾರದು ಎನ್ನುತ್ತಾರೆ.” ಒಂದಕ್ಷರವನ್ನೂ ತಿದ್ದಲಿಲ್ಲ.

ನಾಲ್ಕನೆಯ ಭೇಟಿಗೆ ತಂದೆಯನ್ನು ಕರೆಸಿದೆ. ಅವರು ಕುರ್ಚಿಯ ತುದಿಯಲ್ಲಿ ಕುಳಿತು, “ಮೇಡಂ, ನಾನು ಓದದೆ ಬಣ್ಣ ಹೊಡೆಯುತ್ತಿದ್ದೇನೆ. ಇವಳು ಓದಿಯೂ ಬಣ್ಣದಲ್ಲೇ ಇದ್ದರೆ ಹೊಟ್ಟೆ ತುಂಬುತ್ತದೆಯೇ?” ಎಂದರು. ನ್ಯಾಯವಾದ ಪ್ರಶ್ನೆ. ಸಿಹಿಮಾತಿನಿಂದ ಅದನ್ನು ತೇಲಿಸಬಾರದು. ಶಾಲೆಗಳಲ್ಲಿ ಚಿತ್ರಕಲೆ ಕಲಿಸುವ ಕೆಲಸ, ಪುಸ್ತಕಗಳಿಗೆ ಚಿತ್ರ, ವಿನ್ಯಾಸದ ಕಂಪನಿಗಳು, ಹಳೆಯ ಚಿತ್ರಗಳ ಸಂರಕ್ಷಣೆ ಎಂದು ದಾರಿಗಳನ್ನು ಹೇಳಿದೆ. ಮೊದಲ ಕೆಲವು ವರ್ಷ ಆದಾಯ ಒಂದೇ ಸಮನೆ ಇರುವುದಿಲ್ಲ ಎಂಬುದನ್ನೂ ಹೇಳಿದೆ. ಮಗಳು ತಿಂಡಿ ಬಿಟ್ಟ ವಿಷಯವನ್ನು ಅವಳ ಒಪ್ಪಿಗೆಯಿಂದ ತಿಳಿಸಿದಾಗ ಅವರು ತಲೆ ತಗ್ಗಿಸಿ, “ನನಗೊಂದು ಮಾತು ಹೇಳಬಾರದಿತ್ತೇನವ್ವ” ಎಂದರು.

ಮಾತಿನ ನಡುವೆ ಇನ್ನೊಂದು ವಿಷಯ ಹೊರಬಿತ್ತು. ಇಪ್ಪತ್ತೆರಡು ವರ್ಷದಿಂದ ಬಣ್ಣ ಹೊಡೆಯುತ್ತಿದ್ದರೂ ಅವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಲಿಲ್ಲ. ಆ ಕಾರ್ಡು ಗಾರೆಯವರಿಗೆ ಮಾತ್ರ ಎಂದುಕೊಂಡಿದ್ದರು. ಕಟ್ಟಡಕ್ಕೆ ಬಣ್ಣ ಹೊಡೆಯುವವರೂ ಅದರಲ್ಲಿ ಬರುತ್ತಾರೆ. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ ದೃಢೀಕರಣ ಬೇಕು. ನೋಂದಾಯಿತರ ಮಕ್ಕಳ ಓದಿಗೆ ಮಂಡಳಿಯ ಶೈಕ್ಷಣಿಕ ಸಹಾಯಧನವಿದೆ. ತಮ್ಮನ ಓದಿಗಾದರೂ ಒದಗಲಿ ಎಂದು ಗುತ್ತಿಗೆದಾರರಿಂದ ಪತ್ರ ಪಡೆಯಲು ಹೇಳಿದೆ.

ಮುಂದಿನ ಹೆಜ್ಜೆಗಳನ್ನೂ ಅವಳ ಪುಸ್ತಕದಲ್ಲಿ ಬರೆಸಿದೆ. ಕರ್ನಾಟಕ ಲಲಿತಕಲಾ ಅಕಾಡೆಮಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಕರೆದಾಗ ಪತ್ರಿಕೆಯಲ್ಲಿ ಬರುವುದು ನಾಲ್ಕು ಸಾಲಿನ ಪ್ರಕಟಣೆ. ಅದಕ್ಕಾಗಿ ಕಾಲೇಜಿನ ಗ್ರಂಥಾಲಯದಲ್ಲಿ ವಾರಕ್ಕೊಮ್ಮೆ ಹುಡುಕಬೇಕು. ಪದವಿಯ ನಂತರ ದೆಹಲಿಯ ಲಲಿತ ಕಲಾ ಅಕಾಡೆಮಿಯ ವಿದ್ಯಾರ್ಥಿವೇತನ, 25 ದಾಟಿದ ಮೇಲೆ ಸಂಸ್ಕೃತಿ ಸಚಿವಾಲಯದ ಕಿರಿಯ ಫೆಲೋಶಿಪ್. ಜನವರಿಯಲ್ಲಿ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆ ವೇತನವಲ್ಲ, ಆದರೆ ಅಂಗೈಯಗಲದ ಚಿತ್ರಗಳಿಗೂ ಅಲ್ಲಿ ಕೊಳ್ಳುವವರಿದ್ದಾರೆ.

ವಿದ್ಯಾಸಿರಿಯ ಹಣದಲ್ಲಿ ಬಾಕಿ ಶುಲ್ಕ ಕಟ್ಟಿದಳು. ಯುವ ಕಲಾವಿದರ ವೇತನಕ್ಕೆ ಕೊನೆಯ ದಿನಕ್ಕೆ ಒಂಬತ್ತು ದಿನ ಮೊದಲೇ ಅರ್ಜಿ ಸಲ್ಲಿಕೆಯಾಯಿತು. ಸಂದರ್ಶನದ ದಿನ ಇನ್ನೂ ತಿಳಿದಿಲ್ಲ. ಕಳೆದ ವಾರ ಫೋನ್ ಮಾಡಿ, ಬೆಳಿಗ್ಗೆ ಎರಡು ಇಡ್ಲಿ ತಿಂದೆ ಎಂದು ನಾನು ಕೇಳುವ ಮೊದಲೇ ಹೇಳಿದಳು. ಚಿತ್ರಗಳು ಅರವತ್ತೆರಡು ಆಗಿವೆಯಂತೆ. ಹಸಿರಿನ ಪಟ್ಟಿಗಳು ಮುಗಿದಿದ್ದವು, ಅಪ್ಪ ಬಣ್ಣದ ಅಂಗಡಿಯಲ್ಲಿ ಕೇಳಿ ಹಳೆಯ ಶೇಡ್ ಕಾರ್ಡುಗಳ ಒಂದು ಕಟ್ಟನ್ನೇ ತಂದುಕೊಟ್ಟಿದ್ದಾರೆ.